ದೋಣಿಯ ಎಂಜಿನ್ ಮಸಿ ಉಗುಳಿದ್ದು ಯಾಕೆ? ಹೊಳೆದಂಡೆಯಿಂದ ಕಡಲತನಕ ಒಂದು ಹಳೆ ಲೆಕ್ಕ

ಹೇಮಗಿರಿ ಅಣೆಕಟ್ಟೆಯ ನೀರಿನಲ್ಲಿ ಎಂಜಿನ್ ಹಾಕಿದ ದೋಣಿ ನಮಗೆ ಅಪರೂಪದ ನೋಟ. ಜಾತ್ರೆಯ ಹೊತ್ತಿಗೆ ತೆಪ್ಪ ತೇಲುತ್ತದೆ. ಹಿಂದೆ ಹೊಳೆ ದಾಟಲು ಹರಿಗೋಲು ಇದ್ದವು. ಇನ್ನೂ ಕೆಳಗೆ, ಹೇಮಾವತಿ, ಕಾವೇರಿ, ಲಕ್ಷ್ಮಣತೀರ್ಥ ಕೂಡುವ ಕಡೆ, ಅಂಬಿಗರಹಳ್ಳಿ ಅಂತ ಊರೇ ಇದೆ. ಹೆಸರಿನಲ್ಲೇ ಅಂಬಿಗ ಕೂತಿದ್ದಾನೆ. ಅವನ ಕೈಲಿದ್ದದ್ದು ಹುಟ್ಟು ಮತ್ತು ಗಳ. ಅವಕ್ಕೆ ಎಣ್ಣೆಯೂ ಬೇಡ, ಹೊಗೆಯೂ ಇಲ್ಲ.

ಆದರೂ ಈ ಸಲ ದೋಣಿ ಎಂಜಿನ್ ಬಗ್ಗೆ ಬರೆಯುತ್ತಿದ್ದೇವೆ. ಯಾಕೆಂದರೆ ದೋಣಿ ನಮ್ಮದಲ್ಲದಿದ್ದರೂ ಎಂಜಿನ್ ನಮಗೆ ಗೊತ್ತಿರುವುದೇ. ಹೊಳೆದಂಡೆಯಲ್ಲಿ ಕೂತು ಕಬ್ಬಿಗೆ ನೀರೆತ್ತಿದ್ದು, ಕರೆಂಟ್ ಬರುವ ಮುಂಚೆ ಆಲೆಮನೆಯ ಗಾಣ ತಿರುಗಿಸಿದ್ದು, ಹಿಟ್ಟಿನ ಗಿರಣಿ ಓಡಿಸಿದ್ದು, ಕಡಲಿನಲ್ಲಿ ಬೋಟನ್ನು ತಳ್ಳಿದ್ದು ಎಲ್ಲ ಒಂದೇ ಜಾತಿಯ ಯಂತ್ರ. ಇವೆಲ್ಲದರ ಬಗ್ಗೆಯೂ ಜನ ಒಂದೇ ಮಾತು ಹೇಳುತ್ತಾರೆ: "ಎಂಜಿನ್ ಅಂದಮೇಲೆ ಹೊಗೆ ಬರದೇ ಇರುತ್ತಾ?" ಈ ಮಾತಿನ ಚರಿತ್ರೆ ಹುಡುಕುತ್ತ ಹೋದಾಗ ನಮಗೆ ಕಂಡದ್ದು ಬೇರೆ. ಕಪ್ಪು ಹೊಗೆ ಎಂಜಿನ್‌ನ ಹುಟ್ಟುಗುಣ ಅಲ್ಲ. ಅದು ಎಣ್ಣೆ ಮತ್ತು ಗಾಳಿಯ ಅಳತೆ ತಪ್ಪಿದ್ದರ ಗುರುತು. ಆ ಅಳತೆ ಯಾಕೆ ತಪ್ಪುತ್ತದೆ ಅಂತ ನೋಡಿದರೆ ಯಾವ ಎಣ್ಣೆ ಎಲ್ಲಿ ಎಷ್ಟಕ್ಕೆ ಸಿಕ್ಕಿತು ಅನ್ನುವ ಕಥೆಗೆ ಬಂದು ಮುಟ್ಟುತ್ತೇವೆ. ಎಣ್ಣೆ ಯಾವುದು ಅಂತ ತೀರ್ಮಾನಿಸಿದವರು ಒಬ್ಬರು. ಸ್ಕ್ರೂ ತಿರುಗಿಸಿ ಹೊಂದಿಸಿಕೊಂಡು, ಪಕ್ಕದಲ್ಲೇ ಕೂತು ಹೊಗೆ ಕುಡಿದವರು ಇನ್ನೊಬ್ಬರು.

ಮೊದಲು ಅಳತೆ

1 ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕೆ.ಜಿ. ಗಾಳಿ ಬೇಕು. ಕೆ.ಜಿ. ಲೆಕ್ಕದಲ್ಲಿ ಗಾಳಿ ಕಣ್ಣಿಗೆ ಕಟ್ಟುವುದಿಲ್ಲ, ಆದ್ದರಿಂದ ಹೀಗೆ ನೋಡಿ: ಹತ್ತಿರ ಹತ್ತಿರ 10,000 ಲೀಟರ್ ಗಾಳಿ. ಅಂದರೆ 200 ಲೀಟರಿನ 50 ಡ್ರಮ್ ತುಂಬ. ಇದು ಪುಸ್ತಕದ ಲೆಕ್ಕ. ಎಂಜಿನ್ ಒಳಗೆ ಎಣ್ಣೆಗೂ ಗಾಳಿಗೂ ಬೆರೆಯಲು ಪುರಸೊತ್ತೇ ಇಲ್ಲ. ನಿಮಿಷಕ್ಕೆ 1,500 ಸುತ್ತು ತಿರುಗುವ ಎಂಜಿನ್‌ನಲ್ಲಿ ಆ ಕೆಲಸ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಮುಗಿಯಬೇಕು. ಆದ್ದರಿಂದ ಡೀಸೆಲ್ ಎಂಜಿನ್ ಶುಚಿಯಾಗಿ ಓಡಬೇಕಾದರೆ ಲೆಕ್ಕದ ಗಾಳಿಗಿಂತ ಮೂರನೇ ಒಂದು ಭಾಗವಾದರೂ ಹೆಚ್ಚಿಗೆ ಇರಬೇಕು. ಅದು ಕಡಿಮೆಯಾದರೆ ಎಣ್ಣೆಯೊಳಗಿನ ಇಂಗಾಲ ಉರಿಯದೆ ಉಳಿಯುತ್ತದೆ. ಸೈಲೆನ್ಸರ್ ಬಾಯಲ್ಲಿ ಬರುವ ಮಸಿ ಅದೇ.

ಆಲೆಮನೆಯಲ್ಲಿ ಒಲೆ ಉರಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಣಗಿದ ಕಬ್ಬಿನ ಸಿಪ್ಪೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿದರೆ ಉರಿ ಚೆನ್ನಾಗಿ ಏಳುತ್ತದೆ. ಒಂದೇ ಸಲ ತುರುಕಿದರೆ ಹೊಗೆ ಕವಿಯುತ್ತದೆ, ಕೊಪ್ಪರಿಗೆಗೆ ಕಾವು ಸಾಲದು. ಎಂಜಿನ್ ಕೂಡ ಒಂದು ಒಲೆಯೇ.

ಡೀಸೆಲ್ ಎಂಜಿನ್‌ನಲ್ಲಿ ಒಂದು ವಿಶೇಷ ಇದೆ. ಅದರಲ್ಲಿ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಬಾಗಿಲು ಇರುವುದಿಲ್ಲ. ಸಿಲಿಂಡರ್ ಪ್ರತಿ ಸಲವೂ ತನಗೆ ಹಿಡಿಸುವಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಬದಲಾಗುವುದು ಎಣ್ಣೆ ಮಾತ್ರ. ಲೋಡ್ ಹೆಚ್ಚಾದರೆ ಗವರ್ನರ್ ಹೆಚ್ಚು ಎಣ್ಣೆ ಬಿಡುತ್ತದೆ. ಇಷ್ಟಕ್ಕಿಂತ ಹೆಚ್ಚು ಬಿಡಬೇಡ ಅಂತ ತಡೆಯುವ ಒಂದು ಮಿತಿಯನ್ನು ಪಂಪಿನಲ್ಲಿ ಕಂಪನಿಯವರೇ ಇಟ್ಟಿರುತ್ತಾರೆ. "ಪವರ್ ಸಾಲದು" ಅಂತ ಮೊದಲು ಕೈ ಹಾಕುವುದು ಈ ಮಿತಿಗೇ. ಸ್ವಲ್ಪ ತಿರುವಿದರೆ ಎಂಜಿನ್ ಗಟ್ಟಿಯಾಗಿ ಎಳೆಯುವುದೂ ನಿಜ. ಆದರೆ ಅಲ್ಲಿಂದ ಮುಂದೆ ಹಾಕಿದ ಎಣ್ಣೆಗೆ ಸಿಗುವ ಬಲ ಕಡಿಮೆಯಾಗುತ್ತ ಹೋಗುತ್ತದೆ, ಹೊಗೆ ಹೆಚ್ಚುತ್ತ ಹೋಗುತ್ತದೆ.

ಪೆಟ್ರೋಲ್, ಸೀಮೆಎಣ್ಣೆ ಎಂಜಿನ್‌ಗಳ ದಾರಿ ಬೇರೆ. ಅಲ್ಲಿ ಎಣ್ಣೆ ಮತ್ತು ಗಾಳಿ ಎರಡೂ ಕಾರ್ಬೊರೇಟರ್‌ನಲ್ಲಿ ಬೆರೆತು ಒಳಗೆ ಹೋಗುತ್ತವೆ. ಅದರ ಸಣ್ಣ ಸ್ಕ್ರೂ, ಅದರ ಜೆಟ್ಟಿನ ತೂತು, ಇವೇ ಅಳತೆಗೋಲು. ಈ ವ್ಯತ್ಯಾಸ ನೆನಪಿರಲಿ, ಕರಾವಳಿಗೆ ಹೋದಾಗ ಬೇಕಾಗುತ್ತದೆ.

ಅಳತೆ ಮಾಡುವ ಪಂಪ್ ಬಂದದ್ದು

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ ಅನ್ನು ಸರಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ. ಆಗಿನ ಕಷ್ಟ ಏನೆಂದರೆ ಎಣ್ಣೆಯನ್ನು ಹನಿ ಮಾಡಿ ಚಿಮ್ಮಿಸಲು ಬೇರೆ ಒತ್ತಡದ ಗಾಳಿಯೇ ಬೇಕಿತ್ತು. ಎಂಜಿನ್ ಜೊತೆಗೆ ಒಂದು ದೊಡ್ಡ ಕಂಪ್ರೆಸರ್ ಕೂಡ ಕೂರಬೇಕು. ಕಾರ್ಖಾನೆಗೆ ಸರಿ, ಹಡಗಿಗೂ ಸರಿ. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ದೊಡ್ಡ ಹಡಗು ಡೀಸೆಲ್ ಬಲದಲ್ಲೇ ಸಮುದ್ರಕ್ಕೆ ಇಳಿಯಿತು. ಆದರೆ ಸಣ್ಣ ದೋಣಿಗೋ ರೈತನ ಬಾವಿಗೋ ಅದು ಒಗ್ಗುವ ಯಂತ್ರ ಆಗಿರಲಿಲ್ಲ. ಯುರೋಪಿನ ಮೀನುಗಾರರು ಆ ಕಾಲದಲ್ಲಿ ಬಳಸಿದ್ದು ಬೇರೊಂದು ಎಂಜಿನ್. ಅದರ ತಲೆಯ ಮೇಲಿನ ಕಬ್ಬಿಣದ ಗುಂಡನ್ನು ಬೆಳಿಗ್ಗೆ ಎದ್ದು ಬ್ಲೋ ಲ್ಯಾಂಪ್ ಇಟ್ಟು ಕೆಂಪಗೆ ಕಾಯಿಸಿದ ಮೇಲೇ ಅದು ಶುರುವಾಗುತ್ತಿತ್ತು.

1927ರಲ್ಲಿ ರಾಬರ್ಟ್ ಬಾಷ್ ಕಂಪನಿ ಎಣ್ಣೆಯನ್ನು ಅಳೆದು ಒತ್ತಡದಲ್ಲಿ ಕಳಿಸುವ ಸಣ್ಣ ಪಂಪ್‌ಗಳನ್ನು ಸಾಲುಸಾಲಾಗಿ ತಯಾರಿಸತೊಡಗಿತು. ನಮ್ಮ ಮಟ್ಟಿಗೆ ದೊಡ್ಡ ತಿರುವು ಇದೇ. ರುಡಾಲ್ಫ್ ಡೀಸೆಲ್ ಹೆಸರನ್ನು ಎಲ್ಲರೂ ಹೇಳುತ್ತಾರೆ, ಈ ಪಂಪಿನ ಹೆಸರನ್ನು ಯಾರೂ ಹೇಳುವುದಿಲ್ಲ. ಎಂಜಿನ್ ಹೊಗೆ ಬಿಡುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವ ಸಾಧನ ಪಂಪು ಮತ್ತು ನಾಜಲ್. ಕಂಪ್ರೆಸರ್ ಹೋಯಿತು, ಎಂಜಿನ್ ಸಣ್ಣದಾಯಿತು. ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್ ಕಂಪನಿ ಎರಡು ದೊಡ್ಡ ಫ್ಲೈವೀಲ್ ಇರುವ, ನಿಮಿಷಕ್ಕೆ 600-650 ಸುತ್ತು ನಿಧಾನಕ್ಕೆ ತಿರುಗುವ ಸಣ್ಣ ಡೀಸೆಲ್ ಎಂಜಿನ್ ತಂದದ್ದು ಅದಾದ ಸ್ವಲ್ಪ ಸಮಯಕ್ಕೆ. "ದಬ್... ದಬ್... ದಬ್" ಅನ್ನುವ ಆ ಶಬ್ದ ಇಂಡಿಯಾದ ಹಳ್ಳಿಗಳಿಗೆಲ್ಲ ಪರಿಚಯ. ಮುಂದೆ ಗುಜರಾತಿನ ರಾಜಕೋಟೆಯ ಫೌಂಡ್ರಿಗಳು ಅದರದೇ ಅಚ್ಚಿನ ಎಂಜಿನ್‌ಗಳನ್ನು ಎರಕ ಹೊಯ್ದು ದೇಶದ ತುಂಬ ಮಾರಿದವು.

ನಮ್ಮ ಕಡೆಯ ಹೆಸರೂ ಈ ಕಥೆಯಲ್ಲಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ನೇಗಿಲು, ಮೇವು ಕತ್ತರಿಸುವ ಯಂತ್ರ ಮಾಡಿ, 1910ರ ಹೊತ್ತಿಗೆ ಊರು ಬಿಟ್ಟು ಈಗಿನ ಕಿರ್ಲೋಸ್ಕರ್‌ವಾಡಿಗೆ ಹೋದರು. ಅವರ ಮಗ ಶಂತನುರಾವ್ ಕಾಲದಲ್ಲಿ, 1946ರಲ್ಲಿ, ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಅಲ್ಲಿಂದ ಬಂದ 5 ಎಚ್‌ಪಿ, 1,500 ಸುತ್ತಿನ ಎಂಜಿನ್ ಎಷ್ಟು ಹೊಲಗಳಲ್ಲಿ ಕೂತಿತು ಅಂದರೆ, ಎಷ್ಟೋ ಕಡೆ ಬೇರೆ ಕಂಪನಿಯ ಎಂಜಿನ್ನಿಗೂ ಜನ "ಕಿರ್ಲೋಸ್ಕರ್" ಅಂತಲೇ ಕರೆದರು.

ಯುದ್ಧಕಾಲದ ಇದ್ದಿಲು

ಎಣ್ಣೆ ಬದಲಾದರೆ ಅಳತೆ ಬದಲಾಗಬೇಕು ಅನ್ನುವುದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡದ್ದು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ. ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳ ಹಿಂದೆ ಡ್ರಮ್ಮಿನಂಥ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಗ್ಯಾಸನ್ನು ಎಂಜಿನ್‌ಗೆ ಕೊಟ್ಟು ಓಡಿಸಿದರು. ಮೈಸೂರು ಸಂಸ್ಥಾನದ ರಸ್ತೆಗಳಲ್ಲೂ ಇಂಥ ಬಸ್ಸು ಓಡಿದವು. ಪೆಟ್ರೋಲಿಗೆ ಹೋಲಿಸಿದರೆ ಆ ಗ್ಯಾಸಿನ ಬಲ ಕಡಿಮೆ. ದಿಣ್ಣೆ ಬಂದರೆ ಜನ ಇಳಿದು ನಡೆಯಬೇಕು, ಕೆಲವು ಸಲ ತಳ್ಳಲೂಬೇಕು. ಡ್ರೈವರ್ ಪಕ್ಕದಲ್ಲೊಂದು ಗಾಳಿ ಕವಾಟ. ಒಲೆಯ ಉರಿ ಏರಿಳಿದ ಹಾಗೆ ಅದನ್ನು ಕೈಯಲ್ಲೇ ಹಿಂದೆಮುಂದೆ ಮಾಡುತ್ತ ಗಾಡಿ ಓಡಿಸಬೇಕು. ಇವತ್ತು ಕಾರಿನ ಕಂಪ್ಯೂಟರ್ ಮಾಡುವ ಕೆಲಸವನ್ನು ಆ ಡ್ರೈವರ್ ಎಡಗೈಯಲ್ಲಿ ಮಾಡುತ್ತಿದ್ದ. ಯುದ್ಧ ಮುಗಿದು ಪೆಟ್ರೋಲ್ ಬಂದ ಮೇಲೆ ಡ್ರಮ್ಮುಗಳು ಗುಜರಿಗೆ ಹೋದವು.

ಕಡಲಿಗೆ ಎಂಜಿನ್ ಇಳಿದದ್ದು

ಈಗ ಕರಾವಳಿಗೆ ಬರೋಣ. ದೋಣಿ ಎಂಜಿನ್ ಕಥೆ ನಮ್ಮ ರಾಜ್ಯದಲ್ಲಿ ನಿಜವಾಗಿ ನಡೆದದ್ದು ಅಲ್ಲೇ.

ಸ್ವಾತಂತ್ರ್ಯ ಬಂದ ಹೊತ್ತಿಗೆ ಕಾರವಾರದಿಂದ ಮಂಗಳೂರಿನತನಕ ಮೀನುಗಾರಿಕೆ ನಡೆಯುತ್ತಿದ್ದದ್ದು ಹುಟ್ಟು, ಹಾಯಿ ಮತ್ತು ದಡದಿಂದ ಎಳೆಯುವ ರಂಪಣಿ ಬಲೆಯ ಮೇಲೆ. 1952ರಲ್ಲಿ ಇಂಡಿಯಾ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಇಂಡೋ-ನಾರ್ವೇಜಿಯನ್ ಯೋಜನೆ ಅಂತ ಅದರ ಹೆಸರು. ಮೊದಲು ಕೇರಳದ ನೀಂಡಕರದಲ್ಲಿ ಎಂಜಿನ್ ಬೋಟುಗಳನ್ನು ತಂದರು, 1963ರಲ್ಲಿ ಯೋಜನೆ ಕಾರವಾರಕ್ಕೂ ಬಂತು. ಆಮೇಲೆ ಮಂಗಳೂರು, ಮಲ್ಪೆ ಬಂದರುಗಳಲ್ಲಿ ಟ್ರಾಲ್ ಬೋಟುಗಳು ತುಂಬಿಕೊಂಡವು. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಆ ಜಗಳದ ಕಥೆಯೇ ಬೇರೆ ಒಂದು ಲೇಖನವಾಗುತ್ತದೆ, ಇಲ್ಲಿ ಬೇಡ.

ಡೀಸೆಲ್ ಬೋಟಿನ ಹೊಗೆಗೆ ನಮ್ಮ ಪಂಪ್‌ಸೆಟ್ಟಿಗಿಲ್ಲದ ಇನ್ನೊಂದು ಕಾರಣ ಇದೆ: ಬೋಟಿನ ಫ್ಯಾನ್. ನೀರೊಳಗೆ ತಿರುಗುವ ಆ ಫ್ಯಾನನ್ನು ಇನ್ನಷ್ಟು ವೇಗವಾಗಿ ತಿರುಗಿಸಬೇಕಾದರೆ ಬಲ ಸರಿಸಮವಾಗಿ ಹೆಚ್ಚಿದರೆ ಸಾಲದು, ವೇಗದ ಘನದ ಲೆಕ್ಕದಲ್ಲಿ ಹೆಚ್ಚಬೇಕು. ಲೆಕ್ಕ ಹಾಕಿ ನೋಡಿ. ವೇಗವನ್ನು 100ರಿಂದ 90ಕ್ಕೆ ಇಳಿಸಿದರೆ ಬೇಕಾಗುವ ಬಲ 100ರಿಂದ 73ಕ್ಕೆ ಇಳಿಯುತ್ತದೆ. ಅದೇ ಫ್ಯಾನ್ ಎಂಜಿನ್‌ಗೆ ಮೀರಿದ ಅಳತೆಯದಾದರೆ, ಅಥವಾ ಅದರ ಮೇಲೆ ಪಾಚಿ, ಚಿಪ್ಪು ಕಟ್ಟಿಕೊಂಡರೆ, ಗವರ್ನರ್ ಎಣ್ಣೆ ಸುರಿಯುತ್ತಲೇ ಹೋಗುತ್ತದೆ. ನಾಜಲ್ ಹೊಸದಿರಲಿ, ಪಂಪ್ ಸರಿಯಿರಲಿ, ಕಪ್ಪು ಹೊಗೆ ಬಂದೇ ಬರುತ್ತದೆ. ಬಲೆ ಎಳೆಯುವಾಗ ಟ್ರಾಲ್ ಬೋಟಿನ ಮೇಲೆ ಕಾಣುವ ಹೊಗೆಯ ಬಹುಪಾಲು ಈ ಭಾರದ್ದು. 1957ರಿಂದ ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಬೋಟುಗಳ ಎಣ್ಣೆ ಖರ್ಚು ಇಳಿಸುವ ಕೆಲಸದಲ್ಲಿ ಎಂಜಿನ್ ಜೊತೆಗೆ ಬೋಟಿನ ಆಕಾರ, ಫ್ಯಾನ್, ಬಲೆಯನ್ನೂ ಸೇರಿಸಿಕೊಂಡು ನೋಡಿದ್ದು ಇದೇ ಕಾರಣಕ್ಕೆ. ನಮ್ಮ ಕಡೆಯೂ ಸಣ್ಣ ಎಂಜಿನ್‌ಗೆ ದೊಡ್ಡ ಪಂಪ್ ಕೂರಿಸಿ "ಹೊಗೆ ಜಾಸ್ತಿ" ಅಂತ ಮೆಕ್ಯಾನಿಕ್‌ನನ್ನು ಬೈಯುವವರಿದ್ದಾರೆ.

ಒಳನಾಡಿನಲ್ಲಿ ಡೀಸೆಲ್ ದೋಣಿಯ ದೊಡ್ಡ ಉದಾಹರಣೆ ಶರಾವತಿ ಹಿನ್ನೀರಿನ ಲಾಂಚ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದು ಸಾಗರ ತಾಲ್ಲೂಕಿನ ಊರುಗಳು ಮುಳುಗಿದವು. ಆಚೆ ದಡದಲ್ಲಿ ಉಳಿದ ಜನಕ್ಕೆ, ಸಿಗಂದೂರಿಗೆ ಹೋಗುವವರಿಗೆ ಲಾಂಚೇ ದಾರಿಯಾಯಿತು. ಬಸ್ಸು, ಜೀಪು, ಜನ ಎಲ್ಲ ಒಟ್ಟಿಗೆ. ಭಾರ ತುಂಬಿಕೊಂಡು ದಡ ಬಿಡುವಾಗ ಯಾವ ಡೀಸೆಲ್ ಎಂಜಿನ್ ಆದರೂ ಒಂದು ಉಸಿರು ಕಪ್ಪು ಹೊಗೆ ಬಿಡುತ್ತದೆ, ಯಾಕೆಂದರೆ ವೇಗ ಏರುವ ಮುಂಚೆಯೇ ಎಣ್ಣೆ ಬಂದಿರುತ್ತದೆ. ವೇಗ ಹಿಡಿದ ಮೇಲೆ ಅದು ನಿಲ್ಲಬೇಕು. ನಿಲ್ಲದಿದ್ದರೆ ಎಂಜಿನ್ ರಿಪೇರಿಗೆ ಬಂದಿದೆ ಅಂತ ಅರ್ಥ. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು.

ಸೀಮೆಎಣ್ಣೆಯ ದೋಣಿ

ನಮಗೆ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ನಾಡದೋಣಿಯ ಕಥೆ.

ದೋಣಿಯ ಹಿಂಬದಿಗೆ ನೇತುಹಾಕುವ ಎಂಜಿನ್ನಿಗೆ ಔಟ್‌ಬೋರ್ಡ್ ಅನ್ನುತ್ತಾರೆ. ಅದನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಓಲೆ ಎವಿನ್‌ರೂಡ್. 1909ರಲ್ಲಿ ಅವನು ಮಾರಿದ್ದು ಒಂದೂವರೆ ಎಚ್‌ಪಿಯ, 28 ಕೆ.ಜಿ. ತೂಕದ ಎಂಜಿನ್. ನಮ್ಮ ಕರಾವಳಿಯ ಸಣ್ಣ ದೋಣಿಗಳಿಗೆ ಇಂಥ ಎಂಜಿನ್ ಹಬ್ಬಿದ್ದು 1980ರ ದಶಕದಿಂದ ಈಚೆಗೆ. ಟ್ರಾಲ್ ಬೋಟು ಕೊಳ್ಳಲಾಗದವರು, ಆದರೆ ಹುಟ್ಟು ಹಾಕುತ್ತ ಅವುಗಳ ಜೊತೆ ಪೈಪೋಟಿ ಮಾಡಲೂ ಆಗದವರು, ಇದನ್ನು ಹಿಡಿದರು. ಓಡಿಸಿದ್ದು ಸೀಮೆಎಣ್ಣೆಯಲ್ಲಿ. ಕಾರಣ ಸರಳ: ಸರ್ಕಾರ ಸಬ್ಸಿಡಿ ಕೊಟ್ಟಿದ್ದು ಸೀಮೆಎಣ್ಣೆಗೆ.

ಆದರೆ ಸೀಮೆಎಣ್ಣೆ ಕಾರ್ಬೊರೇಟರ್‌ಗೆ ಒಗ್ಗುವ ಎಣ್ಣೆಯಲ್ಲ. ಪೆಟ್ರೋಲ್ ತಣ್ಣಗಿದ್ದಾಗಲೂ ಆವಿಯಾಗುತ್ತದೆ. ಸೀಮೆಎಣ್ಣೆಗೆ ಬಿಸಿ ಬೇಕು. ಆದ್ದರಿಂದ ಶುರುಮಾಡುವುದು ಪೆಟ್ರೋಲಿನಲ್ಲಿ. ಎಂಜಿನ್ ಕಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಬರಬೇಕು. ನಿಲ್ಲಿಸುವ ಸ್ವಲ್ಪ ಮುಂಚೆ ಮತ್ತೆ ಪೆಟ್ರೋಲಿಗೆ ಹೋಗಬೇಕು, ಇಲ್ಲದಿದ್ದರೆ ಕಾರ್ಬೊರೇಟರ್‌ನಲ್ಲಿ ಸೀಮೆಎಣ್ಣೆ ಉಳಿದು ಮಾರನೆಯ ದಿನ ಹಗ್ಗ ಎಳೆದೆಳೆದು ತೋಳು ಬೀಳುತ್ತದೆ. ಇದರ ಜೊತೆಗೆ ಇದು ಟೂ-ಸ್ಟ್ರೋಕ್ ಎಂಜಿನ್. ಹಳೆಯ ಲೂನಾ, ಬಜಾಜ್ ಸ್ಕೂಟರ್ ಇಟ್ಟುಕೊಂಡಿದ್ದವರಿಗೆ ಗೊತ್ತು, ಎಣ್ಣೆಯ ಜೊತೆಗೇ ಆಯಿಲ್ ಬೆರೆಸಬೇಕು. ಆ ಆಯಿಲೂ ಒಳಗೇ ಉರಿಯಬೇಕು. ಹೊಸ ಗಾಳಿ ಒಳಗೆ ಬರುವಾಗಲೇ ಹಳೆ ಹೊಗೆ ಹೊರಗೆ ಹೋಗುವುದರಿಂದ, ಕಾರ್ಬೊರೇಟರ್ ಇರುವ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಹಾಕಿದ ಎಣ್ಣೆಯ ಕಾಲು ಭಾಗದವರೆಗೂ ಉರಿಯದೇ ಹೊರಗೆ ಹೋಗಬಹುದು. ಅದು ಮಸಿಯಾಗಿ ಅಲ್ಲ, ಹಸಿ ಎಣ್ಣೆಯಾಗಿ, ನೀಲಿ-ಬಿಳಿ ಹೊಗೆಯಾಗಿ, ನೀರಿನ ಮೇಲೆ ಬಣ್ಣದ ಪೊರೆಯಾಗಿ.

ಹಾಗಾದರೆ ಸ್ಕ್ರೂ ತಿರುಗಿಸಿ ಎಣ್ಣೆ ಕಡಿಮೆ ಮಾಡಿಕೊಳ್ಳಬಹುದಲ್ಲ ಅಂತ ದಡದಲ್ಲಿ ನಿಂತು ಕೇಳುವುದು ಸುಲಭ. ಟೂ-ಸ್ಟ್ರೋಕ್‌ನಲ್ಲಿ ಎಣ್ಣೆ ಕಡಿಮೆಯಾದರೆ ಅದರ ಜೊತೆ ಬರುವ ಆಯಿಲೂ ಕಡಿಮೆಯಾಗುತ್ತದೆ. ಉರಿ ಬಿಸಿಯಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ರಸ್ತೆಯಲ್ಲಿ ಸ್ಕೂಟರ್ ಹಿಡಿದರೆ ತಳ್ಳಿಕೊಂಡು ಹೋಗಬಹುದು. ಗಾಳಿ ಎದ್ದ ಕಡಲಿನಲ್ಲಿ ಎಂಜಿನ್ ನಿಂತರೆ ಹೋಗುವುದು ಜೀವ. ಆದ್ದರಿಂದ ಅಳತೆಯನ್ನು ಸ್ವಲ್ಪ ಹೆಚ್ಚಿಗೇ ಇಟ್ಟುಕೊಂಡು ಹೊಗೆ ತಡೆದುಕೊಂಡರು. ಇದನ್ನು ತಿಳಿವಳಿಕೆ ಇಲ್ಲದ ಕೆಲಸ ಅಂತ ಬರೆದವರನ್ನು ನಾವು ಒಪ್ಪುವುದಿಲ್ಲ. ಅದು ಜೀವದ ಲೆಕ್ಕ. ಒಳ್ಳೆಯ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೋಡುತ್ತಾನೆ. ಮಸಿ ಹಿಡಿದು ಒದ್ದೆಯಾಗಿದ್ದರೆ ಎಣ್ಣೆ ಹೆಚ್ಚು, ಸುಣ್ಣದ ಹಾಗೆ ಬೆಳ್ಳಗಿದ್ದರೆ ಕಡಿಮೆ, ಕಾಫಿಪುಡಿ ಬಣ್ಣ ಇದ್ದರೆ ಸರಿ. ಆ ಸರಿಯ ಗೆರೆಯಿಂದ ಒಂದು ಚೂರು ಹೆಚ್ಚಿನ ಕಡೆಗೆ ನಿಲ್ಲಿಸುವುದೇ ದೋಣಿಯ ಟ್ಯೂನಿಂಗ್.

ಶ್ರೀಮಂತ ದೇಶಗಳು ಇದೇ ಎಂಜಿನ್ ಬಗ್ಗೆ ಬೇರೆ ದಾರಿ ಹಿಡಿದವು. ಅಮೆರಿಕ ಸರ್ಕಾರ 1996ರಲ್ಲಿ ಔಟ್‌ಬೋರ್ಡ್ ಹೊಗೆಗೆ ನಿಯಮ ತಂದು, ಹತ್ತು ವರ್ಷದಲ್ಲಿ ಹಳೆ ಮಾದರಿಯ ಎಂಜಿನ್‌ಗಳು ಅಂಗಡಿಯಿಂದ ಮರೆಯಾಗುವ ಹಾಗೆ ಮಾಡಿತು. ಅಲ್ಲಿ ನಿಯಮ ಬಂದದ್ದು ಎಂಜಿನ್ ಮಾಡುವ ಕಂಪನಿಯ ಮೇಲೆ. ನಮ್ಮಲ್ಲಿ ಭಾರ ಬಿದ್ದದ್ದು ದೋಣಿಯವನ ಸ್ಕ್ರೂಡ್ರೈವರ್ ಮೇಲೆ.

ಮುಂದೆ ಮನೆಮನೆಗೆ ಗ್ಯಾಸ್ ಸಂಪರ್ಕ ಬಂದ ಹಾಗೆ ರಾಜ್ಯಕ್ಕೆ ಸೀಮೆಎಣ್ಣೆ ಹಂಚಿಕೆ ಇಳಿಯುತ್ತ ಹೋಯಿತು. ಅಡುಗೆಮನೆಯ ಹೊಗೆ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಅದೇ ಸೀಮೆಎಣ್ಣೆ ನಂಬಿ ಎಂಜಿನ್ ಕೊಂಡ ನಾಡದೋಣಿಯವರು ನಡುನೀರಿನಲ್ಲಿ ಉಳಿದರು. ಸಬ್ಸಿಡಿ ಎಣ್ಣೆ ಸಮಯಕ್ಕೆ ಬರಲಿಲ್ಲ ಅಂತ ಕರಾವಳಿಯಲ್ಲಿ ಮತ್ತೆ ಮತ್ತೆ ದೂರು ಕೇಳಿಬಂತು.

ಸೀಮೆಎಣ್ಣೆ ನಮ್ಮ ಕಡೆಯೂ ಇನ್ನೊಂದು ರೂಪದಲ್ಲಿ ಬಂದಿತ್ತು. ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದ್ದೇ ಅದನ್ನು ಡೀಸೆಲ್‌ಗೆ ಬೆರೆಸುವವರನ್ನು ಹಿಡಿಯಲು. ಸೀಮೆಎಣ್ಣೆ ತೆಳು. ಡೀಸೆಲ್ ಪಂಪಿನ ಒಳಭಾಗಕ್ಕೆ ಡೀಸೆಲ್ಲೇ ಜಿಡ್ಡು ಕೊಡಬೇಕು. ಬೆರಕೆ ಎಣ್ಣೆಯಲ್ಲಿ ಆ ಜಿಡ್ಡು ಕಡಿಮೆಯಾಗಿ ಪಂಪ್ ಸವೆಯುತ್ತದೆ, ನಾಜಲ್ ಸವೆದು ಚಿಮ್ಮುವ ಬದಲು ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಎಣ್ಣೆ ಉರಿಯುವುದಿಲ್ಲ, ಮಸಿಯಾಗುತ್ತದೆ. ಲೀಟರಿಗೆ ಉಳಿಸಿದ ರೂಪಾಯಿ ಪಂಪ್ ರಿಪೇರಿಗೆ ಹೋಯಿತು.

ಸೌದೆ, ಹೊಂಗೆ ಮತ್ತು ನಮ್ಮ ಹೊಳೆ

1973ರಲ್ಲಿ ಅರಬ್ ದೇಶಗಳು ಕಚ್ಚಾ ತೈಲದ ಬೆಲೆ ಏರಿಸಿದಾಗ, ಯುದ್ಧಕಾಲದ ಇದ್ದಿಲು ಬಸ್ಸಿನ ವಿದ್ಯೆ ಮತ್ತೆ ನೆನಪಾಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರ ಶುರುಮಾಡಿದರು. 1988ರಲ್ಲಿ ಅವರ ತಂಡ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೌದೆಯಿಂದ ಗ್ಯಾಸ್ ಮಾಡಿ 5 ಎಚ್‌ಪಿಯ ಡೀಸೆಲ್ ಎಂಜಿನ್ ಓಡಿಸಿತು. ದೀಪಕ್ಕೆ ಕರೆಂಟ್, ಕುಡಿಯಲು ನೀರು, ಹಿಟ್ಟಿನ ಗಿರಣಿ ಅದರಿಂದ ನಡೆದವು. ಗಾಳಿಯ ಜೊತೆ ಗ್ಯಾಸ್ ಒಳಗೆ ಹೋಗುತ್ತದೆ, ಬೆಂಕಿ ಹಚ್ಚಲು ಮಾತ್ರ ಸ್ವಲ್ಪ ಡೀಸೆಲ್. ಡೀಸೆಲ್‌ನ ಬಹುಪಾಲು ಉಳಿಯುತ್ತಿತ್ತು. ಅಲ್ಲೂ ಗುಟ್ಟು ಅಳತೆಯದೇ. ಗ್ಯಾಸ್ ಹೆಚ್ಚಾದರೆ ಗಾಳಿಗೆ ಜಾಗ ಇಲ್ಲ. ಗ್ಯಾಸಿನ ಧೂಳು, ಟಾರು ಸರಿಯಾಗಿ ಸೋಸದಿದ್ದರೆ ಎಂಜಿನ್ ಒಳಗೆ ಮೆತ್ತಿಕೊಳ್ಳುತ್ತದೆ. ಅದನ್ನು ನೋಡಿಕೊಂಡವರು ಊರಿನ ಹುಡುಗರೇ.

ಹೊಂಗೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ಹೇಮಾವತಿ ನಮ್ಮ ಊರಿಗೆ ಬರುವ ಮುಂಚೆ ದಾಟುವ ಹಾಸನ ಜಿಲ್ಲೆಯಲ್ಲಿ, ಮಡೆನೂರಿನಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2007ರ ಸುಮಾರಿಗೆ ಜೈವಿಕ ಇಂಧನ ಉದ್ಯಾನ ಮಾಡಿದರು. ಬದುವಿನ ಮೇಲಿನ ಹೊಂಗೆ, ಬೇವು, ಹಿಪ್ಪೆಯ ಬೀಜದಿಂದ ಎಣ್ಣೆ ತೆಗೆದು ಡೀಸೆಲ್ ಮಾಡುವ ಕೆಲಸ. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿಯನ್ನೂ ತಂದಿತು. ಇದು ಹೊಸ ಯೋಚನೆ ಏನಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು.

ಹೊಂಗೆ ಎಣ್ಣೆಯನ್ನು ಗಾಣದಿಂದ ತಂದು ಹಾಗೇ ಸುರಿದರೆ ಆಗುವುದಿಲ್ಲ. ಅದು ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ನಾಜಲ್‌ನಲ್ಲಿ ಸಣ್ಣ ಹನಿ ಆಗುವ ಬದಲು ದಪ್ಪ ಹನಿಯಾಗಿ, ಸ್ವಲ್ಪ ದಿನದಲ್ಲಿ ನಾಜಲ್ ತುದಿಗೆ ಕರಿ ಕಟ್ಟುತ್ತದೆ. ಮೆಥನಾಲ್ ಸೇರಿಸಿ ಸಂಸ್ಕರಿಸಿ, ಕೆಳಗೆ ನಿಂತ ಗ್ಲಿಸರಿನ್ ತೆಗೆದರೆ ಅದು ಡೀಸೆಲ್ಲಿನ ಹಾಗೆ ತೆಳುವಾಗುತ್ತದೆ. ಆಗ ಒಂದು ಲಾಭವೂ ಇದೆ. ಆ ಎಣ್ಣೆಯ ತೂಕದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಆಮ್ಲಜನಕವೇ ಇರುವುದರಿಂದ ಮಸಿ ಡೀಸೆಲ್‌ಗಿಂತ ಕಡಿಮೆ. ಇಷ್ಟೆಲ್ಲ ಗೊತ್ತಿದ್ದೂ ಹೊಂಗೆ ಡೀಸೆಲ್ ನಮ್ಮ ಬಂಕುಗಳಿಗೆ ಬರಲಿಲ್ಲ. ಬೀಜ ಆರಿಸುವ ಕೂಲಿ, ಸಿಗುವ ಬೆಲೆ ಇವೆರಡರ ಲೆಕ್ಕ ಕೂಡುವುದು ಕಷ್ಟ ಅಂತ ಹೊಂಗೆ ಆರಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಅಷ್ಟರಲ್ಲಿ ಬಂಕಿನ ಡೀಸೆಲ್ ತಾನೇ ಬದಲಾಯಿತು. 2020ರ ಏಪ್ರಿಲ್ 1ರಿಂದ ದೇಶದ ತುಂಬ ಬಿಎಸ್-6 ಡೀಸೆಲ್. ಅದರಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ, ಅದಕ್ಕೂ ಮುಂಚೆ 50 ಇತ್ತು. ಹೊಗೆಯ ಒಂದು ಕೆಟ್ಟ ಅಂಶ ಇದರಿಂದ ಇಳಿಯಿತು. ಆದರೆ ತೊಟ್ಟಿಕ್ಕುವ ನಾಜಲ್‌ಗೂ ಧೂಳು ಕಟ್ಟಿದ ಏರ್ ಕ್ಲೀನರ್‌ಗೂ ಬಿಎಸ್-6 ಅನ್ನುವುದು ಗೊತ್ತಿಲ್ಲ. ಎಣ್ಣೆ ಎಷ್ಟೇ ಶುದ್ಧವಿರಲಿ, ಗಾಳಿ ಸಾಲದಿದ್ದರೆ ಮಸಿಯೇ.

ಮಸಿಯ ತೂಕ ನೋಡಿದರೆ ಕಡಿಮೆ. ಕಪ್ಪಗೆ ಉಗುಳುವ ಎಂಜಿನ್‌ನಲ್ಲೂ ಹೊಗೆಯಾಗಿ ಕಾಣುವ ಇಂಗಾಲ ಹಾಕಿದ ಎಣ್ಣೆಯ ಚೂರು ಪಾಲು. ದುಡ್ಡಿನ ನಷ್ಟ ಅದಕ್ಕಿಂತ ದೊಡ್ಡದು, ಯಾಕೆಂದರೆ ಆ ಸ್ಥಿತಿಯಲ್ಲಿ ಉಳಿದ ಎಣ್ಣೆಯೂ ಸರಿಯಾದ ಹೊತ್ತಿಗೆ ಉರಿಯುತ್ತಿಲ್ಲ. ಆರೋಗ್ಯದ ಲೆಕ್ಕ ಇನ್ನೂ ಬೇರೆ. 2012ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ತಂಬಾಕು ಇರುವ ಪಟ್ಟಿಯೇ ಅದು. ಬೋಟಿನ ಎಂಜಿನ್ ಕೋಣೆಯಲ್ಲಿ, ಪಂಪ್‌ಸೆಟ್ ಗುಡಿಸಲಿನಲ್ಲಿ ರಾತ್ರಿ ಕಳೆದವರನ್ನು ಯಾರೂ ಕೂರಿಸಿ ಎದೆ ಪರೀಕ್ಷೆ ಮಾಡಿದ್ದು ನಾವು ಕಂಡಿಲ್ಲ. ಗುಡಿಸಲಿನೊಳಗೆ ಎಂಜಿನ್ ಇಟ್ಟಿರುವವರು ಸೈಲೆನ್ಸರ್ ಪೈಪನ್ನು ಸೂರಿನಿಂದ ಮೇಲಕ್ಕೆ ಎತ್ತಿ ಬಿಟ್ಟರೆ ಖರ್ಚು ಹೆಚ್ಚಾಗುವುದಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಂತೂ ಎಂಜಿನ್ ಓಡಿಸಲೇಬಾರದು. ಅಲ್ಲಿ ಮಸಿಗಿಂತ ಮೊದಲು ಕೊಲ್ಲುವುದು ಕಣ್ಣಿಗೆ ಕಾಣದ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್. ಅಳತೆ ತಪ್ಪಿದ ಪೆಟ್ರೋಲ್, ಸೀಮೆಎಣ್ಣೆ ಎಂಜಿನ್‌ನಲ್ಲಿ ಅದು ಇನ್ನೂ ಹೆಚ್ಚು.

2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಕಿಕೊಳ್ಳುವ ನಾಡದೋಣಿಗೆ 50,000 ರೂಪಾಯಿ ಸಹಾಯಧನ ಕೊಡುವುದಾಗಿ ಹೇಳಿತು. ಹೊಸ ಫೋರ್-ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗೆ ಆಯಿಲ್ ಬೆರೆಸುವುದು ಬೇಡ, ಹಸಿ ಎಣ್ಣೆ ಹೊರಗೆ ಹೋಗುವುದಿಲ್ಲ, ಹೊಗೆ ಕಣ್ಣಿಗೆ ಕಾಣುವುದೇ ಕಷ್ಟ. ಬೆಲೆ ಮತ್ತು ಭಾರ ಮಾತ್ರ ಹೆಚ್ಚು. ದೊಡ್ಡ ಎಂಜಿನ್‌ಗಳಲ್ಲಿ ಈಗ ಕಾರ್ಬೊರೇಟರೂ ಇಲ್ಲ. ಎಷ್ಟು ಎಣ್ಣೆ, ಎಷ್ಟು ಗಾಳಿ ಅನ್ನುವುದನ್ನು ಒಳಗಿನ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಅದು ಕೆಟ್ಟರೆ ದಡದ ಮೆಕ್ಯಾನಿಕ್ ಪ್ಲಗ್ ಬಣ್ಣ ನೋಡಿ ಹೇಳುವುದು ಕಷ್ಟ, ಕಂಪನಿಯವರ ಲ್ಯಾಪ್‌ಟಾಪ್ ಬರಬೇಕು. ಅಲ್ಲಿಯವರೆಗೆ ದೋಣಿ ದಡದಲ್ಲೇ.